ಕಲ್ಯಾಣದ ಬೀದಿ ಯಾರ ಹೆಸರಿಗದ?

ಸರಕಾರಿ ಕಾಗದದಲ್ಲಿ ಒಂದು ಶಬ್ದ ಇದೆ: 'ಅತಿಕ್ರಮಣ'. ರಸ್ತೆಯ ಮೇಲೆ ಗೋಡೆ ತಂದು ಮೂರಂತಸ್ತು ಏರಿಸಿದವನೂ ಅತಿಕ್ರಮಣದವನೇ, ಗೋಣಿತಟ್ಟು ಹಾಸಿ ನಾಕು ಕಟ್ಟು ಮೆಂತ್ಯೆ ಪಲ್ಯ ಇಟ್ಟುಕೊಂಡು ಕೂತ ಮುದುಕಿಯೂ ಅತಿಕ್ರಮಣದವಳೇ. ಜೆಸಿಬಿ ಬರುವ ಸುದ್ದಿ ಸಿಕ್ಕಾಗ ಮೊದಲನೆಯವನು ವಕೀಲನ ಹತ್ತಿರ ಹೋಗಿ ತಡೆಯಾಜ್ಞೆ ತರುತ್ತಾನೆ. ಮುದುಕಿ ಗೋಣಿತಟ್ಟಿನ ನಾಕೂ ಮೂಲೆ ಹಿಡಿದು ಗಂಟು ಕಟ್ಟಿಕೊಂಡು ಓಡುತ್ತಾಳೆ. ಸಾಹಿತ್ಯದ ವಿಮರ್ಶೆ ಬರೆಯುವವರಿಗೆ ಈ ಉಸಾಬರಿ ಯಾಕೆ ಎಂದು ಕೇಳುವ ಗೆಳೆಯರಿದ್ದಾರೆ. ಕವಿ ಬಳಸಿದ ಶಬ್ದದ ಹಿಂದೆ ಯಾವ ಜಾತಿ ಇದೆ, ಯಾವ ವರ್ಗ ಇದೆ ಅಂತ ನಾವು ಐವತ್ತು ವರ್ಷದಿಂದ ಕೇಳುತ್ತ ಬಂದಿದ್ದೇವೆ. ಅದೇ ಪ್ರಶ್ನೆಯನ್ನು ಕಚೇರಿಯ ಶಬ್ದಕ್ಕೂ ಕೇಳಬೇಕಲ್ಲ? ಮತ್ತು ಕಚೇರಿ ಆ ಶಬ್ದ ಬಳಸುವಾಗ ನಮ್ಮ ಸಾಹಿತ್ಯ ಎಲ್ಲಿತ್ತು ಅಂತಲೂ ಕೇಳಬೇಕಲ್ಲ?

ಬೀದರ ಜಿಲ್ಲೆಯ ಎರಡು ಊರು ಮುಂದಿಟ್ಟುಕೊಂಡು ಮಾತಾಡೋಣ. ಹುಮನಾಬಾದ ಪುಣೆ–ಹೈದರಾಬಾದ ಹೆದ್ದಾರಿಯ ಮೇಲಿನ ಊರು. ಅದೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋಗಿ ಸಸ್ತಾಪುರ ಬಂಗ್ಲಾದಲ್ಲಿ ತಿರುಗಿದರೆ ಬಸವಕಲ್ಯಾಣ. ಎರಡೂ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಪೇಟೆಯ ಮಾತು ಕನ್ನಡ, ಮರಾಠಿ, ದಖನಿ ಉರ್ದು ಕೂಡಿದ್ದು. ದರ ಹೇಳುವುದು ಒಂದು ಭಾಷೆಯಲ್ಲಿ, ಚೌಕಾಸಿ ಇನ್ನೊಂದರಲ್ಲಿ, ಬೈಗುಳ ಮತ್ತೊಂದರಲ್ಲಿ. ಈ ಊರುಗಳ ಒಳಪೇಟೆ ಈಗ ಬದಲಾಗುತ್ತಿದೆ. ಹೆದ್ದಾರಿ ನಾಕು ಪಥ ಆಯಿತು. 2017ರ ಅಕ್ಟೋಬರಿನಿಂದ ಬೀದರ–ಕಲಬುರಗಿ ರೈಲು ಪೂರ್ತಿ ದಾರಿ ಹುಮನಾಬಾದದ ಮೇಲೆ ಓಡುತ್ತದೆ. ರಸ್ತೆ ಬದಿಯ ಜಾಗಕ್ಕೆ ಬೆಲೆ ಬಂತು. ಬೆಲೆ ಬಂದ ಮೇಲೆ ಅಲ್ಲಿ ಕೂತವರು ಕಣ್ಣಿಗೆ ಬೀಳತೊಡಗಿದರು. ಅಲ್ಲಿಯ ತನಕ ಅವರು ಯಾರಿಗೂ ಅಡ್ಡ ಇರಲಿಲ್ಲ.

ಯಾವುದಾದರೂ ಒಂದು ಚೌಕ್ ಹಿಡಿಯಿರಿ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಪೌರಕಾರ್ಮಿಕ ಹೆಂಗಸರ ಕಸಬರಿಗೆ ಸಪ್ಪಳ. ಏಳರ ಸುಮಾರಿಗೆ ಗೌಂಡಿಗಳು, ಹಮಾಲರು, ಗುದ್ದಲಿ ಪುಟ್ಟಿ ಹಿಡಿದ ಗಂಡಹೆಂಡಿರು ಬಂದು ನಿಲ್ಲುತ್ತಾರೆ. ಮೇಸ್ತ್ರಿ ಬಂದು ಆರಿಸಿಕೊಂಡು ಹೋಗುತ್ತಾನೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಂತೆ ಇಲ್ಲಿ ತೋಳು ನೋಡುತ್ತಾರೆ. ಆರಿಸದೆ ಉಳಿದವರು ಒಂದಿಷ್ಟು ದಿನ ನೋಡಿ ಹೈದರಾಬಾದ, ಪುಣೆ, ಮುಂಬಯಿ ದಾರಿ ಹಿಡಿಯುತ್ತಾರೆ. ಹತ್ತು ಗಂಟೆಗೆ ಅದೇ ಜಾಗ ಪಲ್ಯದವರದು, ಹಣ್ಣಿನ ಬಂಡಿಯವರದು. ಗೋಡೆಗೆ ಹತ್ತಿ ಚಪ್ಪಲಿ ಹೊಲಿಯುವವನು, ಛತ್ರಿ ರಿಪೇರಿಯವನು, ಕೀಲಿ ಮಾಡುವವನು. ಸಂಜೆಗೆ ಮಿರ್ಚಿ ಭಜಿ, ಸುಸಲಾ, ಚಹಾದ ಬಂಡಿ. ರಾತ್ರಿ ಷಟರ್ ಇಳಿದ ಮೇಲೆ ಅಂಗಡಿಯ ಮುಂದಿನ ಕಟ್ಟೆ ಲಾರಿ ಕ್ಲೀನರನಿಗೆ, ಭಿಕ್ಷುಕನಿಗೆ, ಬೆಳಗಿನ ಬಸ್ಸಿಗೆ ಕಾಯುವ ಸಂಸಾರಕ್ಕೆ ಹಾಸಿಗೆ. ವರ್ಷದಲ್ಲಿ ಕೆಲವು ದಿನ ಅದೇ ದಾರಿಯಲ್ಲಿ ಅಂಬೇಡ್ಕರ್ ಜಯಂತಿಯ, ಬಸವ ಜಯಂತಿಯ ಮೆರವಣಿಗೆ, ಮೊಹರಮ್ಮಿನ ಅಲಾಯಿ. ನಕ್ಷೆ ತೆಗೆದು ನೋಡಿದರೆ ಇದಿಷ್ಟೂ ಒಂದು ಗೆರೆ. ರಸ್ತೆ ಅಂತ ಬರೆದಿರುತ್ತದೆ.

ಇಲ್ಲಿ ಬರೆದಿಟ್ಟ ಕಾನೂನಿಲ್ಲ ಅಂದರೆ ಕಾನೂನೇ ಇಲ್ಲ ಅಂತಲ್ಲ. "ಅಕ್ಕಾ, ನಾಳಿಗಿ ನಾ ಊರಿಗಿ ಹೊಂಟೀನಿ, ಜಾಗಾ ನೋಡ್ಕೋ" ಅಂದರೆ ಆ ಜಾಗಕ್ಕೆ ಇನ್ನೊಬ್ಬರು ಕೂಡಂಗಿಲ್ಲ. ಅಂಗಡಿ ಮುಂದೆ ಕೂತರೆ ಅಂಗಡಿ ಸಾವಕಾರನಿಗೆ ದಿನಕ್ಕಿಷ್ಟು ಕೊಡಬೇಕು. ರಸ್ತೆ ಸರಕಾರದ್ದು, ಬಾಡಿಗೆ ಸಾವಕಾರನಿಗೆ! ಅದರ ಮೇಲೆ ಜಕಾತಿ ಗುತ್ತಿಗೆಯವನ ಚೀಟಿ. ಅಂದರೆ ಈ ಹೆಂಗಸು ಬಿಟ್ಟಿ ಕೂತಿಲ್ಲ. ಒಂದೇ ನೆಲಕ್ಕೆ ಎರಡು ಸಲ ಬಾಡಿಗೆ ಕೊಟ್ಟು ಕೂತಿದ್ದಾಳೆ. ಹೀಗೆ ಬಾಡಿಗೆ ಇಸಗೊಂಡ ವ್ಯವಸ್ಥೆಯೇ ಮುಂದೊಂದು ದಿನ "ನಿಂಗೆ ಇಲ್ಲಿ ಕೂಡ್ಲಾಕ ಯಾರು ಹೇಳ್ಯಾರ?" ಅಂತ ಕೇಳುತ್ತದೆ.

ಈಗ ಹನ್ನೆರಡನೆಯ ಶತಮಾನಕ್ಕೆ ಹೋಗೋಣ. ಕಲ್ಯಾಣದ ಮಾತಾಡುವಾಗ ಅಲ್ಲಿಗೆ ಹೋಗದೆ ಬೇರೆ ದಾರಿ ಇಲ್ಲ. ಶರಣರ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿರಿ: ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೋಳಿಗೆ ಮಾರಯ್ಯ, ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಹೆಸರಿನ ಮೊದಲು ಬರುವುದು ಕಸುಬು. ಚಂದಯ್ಯ ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿದವನು. ಆ ಕೆರೆ ಅವನ ಹೆಸರಿಗಿತ್ತೇ? ಮೋಳಿಗೆ ಮಾರಯ್ಯ ಕಟ್ಟಿಗೆ ಹೊರೆ ತಂದು ಮಾರಿದವನು. ಅಡವಿ ಅವನ ಹೆಸರಿಗಿತ್ತೇ? ಆಯ್ದಕ್ಕಿ ದಂಪತಿಗಳದಂತೂ ನೆಲದ ಮೇಲೆ ಬಿದ್ದ ಅಕ್ಕಿ ಆಯ್ದು ತರುವ ಕಾಯಕ. ಇಂದು ಗಂಜಿನಲ್ಲಿ ಲಾರಿಗೆ ಚೀಲ ಏರಿಸಿದ ಮೇಲೆ ಕೆಳಗೆ ಉದುರಿದ ಜೋಳ, ತೊಗರಿ ಗುಡಿಸಿಕೊಂಡು ಮೊರದಲ್ಲಿ ಕೇರುವ ಹೆಂಗಸರನ್ನು ನೀವೆಲ್ಲ ನೋಡಿದ್ದೀರಿ. ಅವರನ್ನು ಗಂಜಿನ ಮಂದಿ ಹೊರಗೆ ಹೊಡೆಯುವುದನ್ನೂ ನೋಡಿದ್ದೀರಿ. ಲಕ್ಕಮ್ಮನ ಕತೆ ಮಾತ್ರ ಪಠ್ಯಪುಸ್ತಕದಲ್ಲಿ ಇದೆ. ಹೆಚ್ಚಿಗೆ ಅಕ್ಕಿ ತಂದ ಗಂಡನನ್ನು ಆಕೆ ವಾಪಸು ಕಳಿಸಿದ ಕತೆಯನ್ನು ನಮ್ಮ ಶಿಕ್ಷಕರು ಬಡವರ ಮಕ್ಕಳಿಗೆ ನೀತಿಪಾಠ ಮಾಡಿ ಹೇಳುತ್ತಾರೆ. ಆಯ್ದು ತಿನ್ನುವ ಹಕ್ಕು ಆ ಹೆಂಗಸಿಗಿತ್ತು ಅನ್ನುವ ಕಡೆ ಯಾರ ಲಕ್ಷ್ಯವೂ ಹೋಗುವುದಿಲ್ಲ.

ಇನ್ನೂ ಒಂದು ಮಾತು. ಜನ ಹೇಳುವ ಪ್ರಕಾರ ಕಲ್ಯಾಣದ ದೊಡ್ಡ ಗಲಭೆಯ ಬೀಜ ಬಿದ್ದದ್ದು ದಾರಿಯ ಮೇಲೆ. ಹರಳಯ್ಯ ಎದುರಿಗೆ ಬಂದ ಬಸವಣ್ಣನಿಗೆ ಶರಣು ಅಂದ. ಬಸವಣ್ಣ ತಿರುಗಿ ಒಂದು ಶಬ್ದ ಹೆಚ್ಚಿಗೆ ಸೇರಿಸಿ ಶರಣು ಹೇಳಿದ. ಮಂತ್ರಿ ಸಮಗಾರನಿಗೆ ನಾಕು ಮಂದಿ ಕಾಣುವಂತೆ ದಾರಿಯಲ್ಲಿ ಕೈಮುಗಿದ. ಆ ಹೆಚ್ಚಿನ ಶಬ್ದ ಸಾಲವಾಗಿ ತಲೆ ಮೇಲೆ ಕೂತಿತು ಅಂತ ಗಂಡ ಹೆಂಡತಿ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದರು ಎಂಬುದು ಕತೆ. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ. ಅದರ ಶಿಕ್ಷೆಯೂ ಬೀದಿಯಲ್ಲೇ: ಆನೆಯ ಕಾಲಿಗೆ ಕಟ್ಟಿ ಊರ ತುಂಬ ಎಳೆಸಿದ ಎಳೆಹೂಟೆ. ಬಿಜ್ಜಳನ ಆಳ್ವಿಕೆಗೆ ಆ ಶಿಕ್ಷೆಯನ್ನು ಸೆರೆಮನೆಯ ಒಳಗೇ ಕೊಡಬಹುದಿತ್ತು. ಕೊಡಲಿಲ್ಲ. ಬೀದಿಯಲ್ಲಿ ಕೈ ಮುಗಿದದ್ದಕ್ಕೆ ಬೀದಿಯಲ್ಲೇ ಉತ್ತರ ಕೊಡಬೇಕಿತ್ತು ಅದಕ್ಕೆ.

ಈ ಕತೆಯನ್ನು ಕನ್ನಡದ ದೊಡ್ಡ ನಾಟಕಕಾರರು ಎತ್ತಿಕೊಂಡರು. ಲಂಕೇಶರ 'ಸಂಕ್ರಾಂತಿ' 1971ರದು, ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' 1986ರದು, ಗಿರೀಶ ಕಾರ್ನಾಡರ 'ತಲೆದಂಡ' 1990ರದು. ಮೂರೂ ಮುಖ್ಯ ನಾಟಕಗಳು, ಮೂರನ್ನೂ ನಮ್ಮ ಹುಡುಗರು ಓದಬೇಕು. 'ಸಂಕ್ರಾಂತಿ'ಯ ಮುದುಕ ಉಜ್ಜನಂತೂ ಶರಣರ ಹೊಸ ನೀತಿಯನ್ನೇ ಅನುಮಾನದಿಂದ ನೋಡುತ್ತಾನೆ. ದಲಿತನ ಬಾಯಿಗೆ ಸ್ವಂತ ಬುದ್ಧಿ ಕೊಟ್ಟ ಧೈರ್ಯ ಲಂಕೇಶರದು. ಆದರೆ ಇವನ್ನೆಲ್ಲ ಓದಿ ಮುಗಿಸಿ ಒಂದು ಪ್ರಶ್ನೆ ಕೇಳಿ ನೋಡಿರಿ: ಕಲ್ಯಾಣದ ಪೇಟೆ ಹೇಗಿತ್ತು? ಹರಳಯ್ಯ ಎಲ್ಲಿ ಕೂತು ಚಪ್ಪಲಿ ಮಾರುತ್ತಿದ್ದ, ಯಾರಿಗೆ ಜಕಾತಿ ಕೊಡುತ್ತಿದ್ದ? ಶರಣರಲ್ಲಿ ಸುಂಕದ ಬಂಕಣ್ಣನೆಂಬ ಸುಂಕ ವಸೂಲಿಯವನೂ ಇದ್ದ. ಅವನಿಗೂ ಕಟ್ಟಿಗೆ ಮಾರುವ ಮಾರಯ್ಯನಿಗೂ ಏನು ಮಾತಾಯಿತು? ನಾಟಕಗಳಲ್ಲಿ ಉತ್ತರ ಸಿಗುವುದು ಕಷ್ಟ. ಅವುಗಳ ಒತ್ತು ಬಹುಮಟ್ಟಿಗೆ ಅರಮನೆ, ಭಂಡಾರ, ಮಹಾಮನೆಗಳ ಮೇಲೆ. ಬೀದಿಯಲ್ಲಿ ಆದದ್ದು ಎಷ್ಟೋ ಸಲ ಒಳಗೆ ಕೂತವರ ಕಿವಿಗೆ ಬೀಳುವ ಸುದ್ದಿ. ಇಪ್ಪತ್ತನೆಯ ಶತಮಾನದ ಸುಶಿಕ್ಷಿತ ಲೇಖಕ ಕಲ್ಯಾಣದಲ್ಲಿ ಹುಡುಕಿದ್ದು ಅಧಿಕಾರದ ಬಿಕ್ಕಟ್ಟನ್ನು. ಅದು ತಪ್ಪಲ್ಲ, ಅದರಿಂದ ದೊಡ್ಡ ನಾಟಕಗಳೇ ಬಂದವು. ಆದರೆ ಹೊಟ್ಟೆಪಾಡಿಗಾಗಿ ಒಂದು ಮೊಳ ನೆಲ ಹಿಡಿದು ಕೂತವನ ಬಿಕ್ಕಟ್ಟು ರಂಗದ ಮೇಲೆ ಬರಲಿಲ್ಲ.

ಅವರದು ಹಾಗಿರಲಿ, ನಮ್ಮದೇನು? ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು, ದೇವನೂರರ 'ಒಡಲಾಳ' 1978ರಲ್ಲಿ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದೆವು. ಈ ಸಾಹಿತ್ಯ ಕೇರಿಯನ್ನು ಬರೆಯಿತು, ಹಟ್ಟಿಯನ್ನು ಬರೆಯಿತು, ಗೌಡನ ಹೊಲ, ಊರ ಬಾವಿ, ಗುಡಿಯ ಬಾಗಿಲು ಬರೆಯಿತು. ಬೀದಿ ಅದರಲ್ಲಿ ಬಂದದ್ದು ಹೆಚ್ಚಾಗಿ ಎರಡು ರೂಪದಲ್ಲಿ: ಚಪ್ಪಲಿ ಮೆಟ್ಟಿ ನಡೆಯಬಾರದ ದಾರಿಯಾಗಿ, ಇಲ್ಲವೆ ಮೆರವಣಿಗೆ ಹೊರಟ ದಾರಿಯಾಗಿ. ಅವಮಾನದ ಬೀದಿ ಮತ್ತು ಹೋರಾಟದ ಬೀದಿ. ಈ ಎರಡರ ನಡುವೆ ಉಳಿದ ದಿನಗಳೆಲ್ಲ ಇದ್ದಾವಲ್ಲ, ಬೆಳಿಗ್ಗೆಯಿಂದ ರಾತ್ರಿಯ ತನಕ ಕೂತು, ಮಾರಿ, ಉಂಡು, ಮಲಗುವ ಬೀದಿ, ಅದು ಕಡಿಮೆ. ಸಿದ್ಧಲಿಂಗಯ್ಯನವರ 'ಊರು ಕೇರಿ' ಇದಕ್ಕೆ ಒಂದು ಒಳ್ಳೆಯ ಅಪವಾದ. ಬೆಂಗಳೂರಿನ ಶ್ರೀರಾಮಪುರದ ಸ್ಮಶಾನದಲ್ಲಿ ಕೂತು ಓದಿದ ಹುಡುಗನ ಚಿತ್ರ ಅದರಲ್ಲಿ ಇದೆ. ಮನೆಯಲ್ಲಿ ಜಾಗವಿಲ್ಲ, ಗ್ರಂಥಾಲಯ ನಮ್ಮದಲ್ಲ. ಸತ್ತವರ ನಡುವೆ ಹೋಗಿ ಕೂತರೆ ಎಬ್ಬಿಸುವವರಿಲ್ಲ. ನಗೆ ತರಿಸುವಂತೆ ಬರೆದಿದ್ದಾರೆ, ಆದರೆ ನಗರದ ಜಾಗ ಯಾರಿಗೆ ಎಷ್ಟು ಸಿಗುತ್ತದೆ ಎಂಬ ಲೆಕ್ಕ ಅಲ್ಲಿ ಪೂರ್ತಿ ಇದೆ. ನಮ್ಮ ಕಡೆಯ ಗೀತಾ ನಾಗಭೂಷಣರ 'ಬದುಕು' ಕಲಬುರಗಿ ಸೀಮೆಯ ಮಾತನ್ನೇ ಹಿಡಿದು ಕೆಳಜಾತಿಯ ಹೆಂಗಸರ ದುಡಿಮೆಯನ್ನು ಬರೆಯಿತು. ಅದೇ ಮಾತು ಹುಮನಾಬಾದದ ಪಲ್ಯದ ಸಾಲಿಗೆ ಇನ್ನೂ ಬರಬೇಕಾಗಿದೆ.

ಬೀದಿನಾಟಕದ ಮಾತು ಇಲ್ಲಿ ಬರಬೇಕು. 1979ರ ಜಾಥಾದಲ್ಲಿ ಸಮುದಾಯದ ಗೆಳೆಯರು ಊರೂರು ತಿರುಗಿ ಚೌಕಿನಲ್ಲಿ, ಸಂತೆಯಲ್ಲಿ ನಾಟಕ ಆಡಿದರು. ಸಿ. ಜಿ. ಕೃಷ್ಣಸ್ವಾಮಿಯವರ 'ಬೆಲ್ಚಿ' 1977ರಲ್ಲಿ ಬಿಹಾರದ ಆ ಊರಲ್ಲಿ ದಲಿತರನ್ನು ಸುಟ್ಟ ಸುದ್ದಿಯನ್ನು ಕರ್ನಾಟಕದ ಬೀದಿಗೆ ತಂದಿತು. ದೊಡ್ಡ ಕೆಲಸ ಅದು. ಟಿಕೆಟಿಲ್ಲದ, ಪರದೆಯಿಲ್ಲದ ರಂಗಭೂಮಿಯನ್ನು ಅವರು ಪಡೆದದ್ದು ಬಂಡಿಯವರಿಂದ, ಪಲ್ಯದವರಿಂದ. ಒಂದು ತಾಸು ಅವರು ಸರಿದು ಜಾಗ ಬಿಟ್ಟದ್ದರಿಂದ. ಆ ಜಾಗ ಬಿಟ್ಟವರ ಬಗ್ಗೆ ಎಷ್ಟು ಬೀದಿನಾಟಕ ಬಂದವು?

'ಸಾರ್ವಜನಿಕ' ಎಂಬ ಶಬ್ದ ನಮಗೆ ಪುಕ್ಕಟೆ ಸಿಕ್ಕಿದ್ದಲ್ಲ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನೆನಪು ಮಾಡಬೇಕಾಗಿಲ್ಲ. ಆದರೂ ಒಂದು ವಿವರ ಹೇಳುತ್ತೇನೆ. ಮಹಾಡದ ಚವದಾರ ಕೆರೆಯನ್ನು ಅಲ್ಲಿಯ ಪುರಸಭೆ ಕಾಗದದ ಮೇಲೆ ಅಸ್ಪೃಶ್ಯರಿಗೆ ಮೊದಲೇ ತೆರೆದಿತ್ತು. ಆದರೂ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಹೋಗಿ ನೀರು ಮುಟ್ಟಬೇಕಾಯಿತು. ಮೇಲ್ಜಾತಿಯವರು ಕೋರ್ಟಿಗೆ ಹೋದರು. ಅವರ ವಾದ ಏನು? ಕೆರೆ ಖಾಸಗಿ, ಸಾರ್ವಜನಿಕ ಅಲ್ಲ. ತೀರ್ಪು ಮುಂಬಯಿ ಹೈಕೋರ್ಟಿನಲ್ಲಿ ನಮ್ಮ ಕಡೆ ಆಗಲಿಕ್ಕೆ 1937 ಬರಬೇಕಾಯಿತು. ಒಂದು ಶಬ್ದ ಸಾಬೀತು ಮಾಡಲಿಕ್ಕೆ ಹತ್ತು ವರ್ಷ! ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಭಾಗ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರು ಹಿಡಿದು ಹೇಳುವುದರ ಹಿಂದೆ ಈ ಚರಿತ್ರೆ ಇದೆ. ಅಂಬೇಡ್ಕರರಿಗೆ ಗೊತ್ತಿತ್ತು, 'ಸಾರ್ವಜನಿಕ ಸ್ಥಳ' ಅಂತ ಮೋಘಮ್ಮಾಗಿ ಬರೆದು ಬಿಟ್ಟರೆ ಅದರಲ್ಲಿ ನಾವು ಬರುವುದಿಲ್ಲವೆಂದು.

ಇಷ್ಟೆಲ್ಲ ಹೇಳಿದ್ದಕ್ಕೆ ಬೀದಿ ಅಂದರೆ ಸಮಾನತೆಯ ತೊಟ್ಟಿಲು ಅಂತ ಯಾರೂ ಹಾಡು ಕಟ್ಟಬಾರದು. ಪೇಟೆಯ ನೆಲಕ್ಕೂ ಜಾತಿ ಇದೆ. ಚಪ್ಪಲಿ ಹೊಲಿಯುವವನು ಯಾವಾಗಲೂ ಅಂಚಿನಲ್ಲಿ, ಚರಂಡಿಯ ಕಡೆಗೆ. ಅವನಿಗೆ ಅಲ್ಲಿ ಯಾರೂ ತಕರಾರು ಮಾಡುವುದಿಲ್ಲ, ಯಾಕಂದ್ರ ಅದು ಅವನ 'ಪಾಲಿನ' ಜಾಗ. ಅವನ ಮಗ ಅದೇ ಅಂಚಿನಿಂದ ನಾಕು ಮೊಳ ಒಳಗೆ ಬಂದು ಚಹಾದ ಬಂಡಿ ಹಚ್ಚಲಿ, ಆಗ ನೋಡ್ರಿ. ಹರಿದ ಚಪ್ಪಲಿ ತರುವ ಗಿರಾಕಿಗಳೆಲ್ಲ ಚಹಾಕ್ಕೂ ಬರುತ್ತಾರೇನು? ಕಸಬರಿಗೆ ಹಿಡಿದವಳ ಹಾಜರಿ ಊರು ಏಳುವ ಮೊದಲು ಮುಗಿದಿರಬೇಕು. ಸಾಬರ ಹಣ್ಣಿನ ಬಂಡಿಗೆ ಗಲಭೆಯ ಸುದ್ದಿ ಬಂದ ದಿನ ಗಿರಾಕಿಯ ಬರ ಬೀಳುತ್ತದೆ.

ಹೆಂಗಸರ ಮಾತು ಬೇರೆಯೇ. ಕಟ್ಟೆ ಗಂಡಸರದು. ಕಟ್ಟೆ ಮೇಲೆ ಸುಮ್ಮನೆ ಕೂತು ಹೊತ್ತು ಕಳೆಯುವ ಸುಖ ಯಾವ ಹೆಂಗಸಿಗೂ ಇಲ್ಲ. ಅವಳು ಕೂತರೆ ಮುಂದೆ ಮಾರುವ ವಸ್ತು ಇರಬೇಕು. ಪಲ್ಯದ ಬುಟ್ಟಿ ಅವಳಿಗೆ ಸರಕೂ ಹೌದು, ಅಲ್ಲಿ ಕೂಡುವ ಪರವಾನಗಿಯೂ ಹೌದು. ಹತ್ತು ತಾಸು ಕೂತವಳಿಗೆ ಶೌಚಕ್ಕೆ ಹೋಗಲು ಜಾಗವಿಲ್ಲ, ಅದಕ್ಕೇ ನೀರು ಕುಡಿಯುವುದಿಲ್ಲ. ಇದನ್ನು ಕಾವ್ಯ ಮಾಡಿರಿ ಅಂತ ಹೇಳುತ್ತಿಲ್ಲ. ಮೊದಲು ಕತೆಯಲ್ಲಿ ಒಂದು ವಾಕ್ಯವಾಗಿಯಾದರೂ ಬರಲಿ.

ಬಸವಕಲ್ಯಾಣಕ್ಕೆ ವಾಪಸು ಬರೋಣ. 2021ರ ಜನವರಿ 6ರಂದು ಅಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ಆಗ ಹೇಳಿದ ಯೋಜನೆಯ ಮೊತ್ತ 500 ಕೋಟಿ, 770 ಅಮರಗಣಂಗಳ ನೆನಪಿಗೆ 770 ಕಂಬ. 2024ರ ಜನವರಿಯಲ್ಲಿ ಸರಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಒಬ್ಬ ಕ್ರಾಂತಿಕಾರಿಯ ನೆನಪಿಗೆ ಮಂಟಪ ಬೇಡ ಅನ್ನುವ ಮೊಂಡು ನನ್ನದಲ್ಲ. ಜಾತಿ ಮೀರಿದ ಮಾತುಕತೆಯ ಮನೆ ನಮ್ಮ ಬಡ ಜಿಲ್ಲೆಯಲ್ಲಿ ಏಳಲಿ, ಪ್ರವಾಸಿಗಳು ಬರಲಿ. ಆದರೆ 770 ಕಂಬದಲ್ಲಿ ಒಂದು ಹಗ್ಗ ಮಾರುವವನದು, ಒಂದು ಕಟ್ಟಿಗೆ ಮಾರುವವನದು, ಒಂದು ಬಿದಿರು ಬುಟ್ಟಿ ಹೆಣೆಯುವವನದು, ಒಂದು ನೆಲದ ಅಕ್ಕಿ ಆಯುವವಳದು. ಪ್ರವಾಸಿಗಳ ಬಸ್ಸು ತಿರುಗಲಿಕ್ಕೆ ರಸ್ತೆ ಅಗಲ ಮಾಡಬೇಕೆಂದು ನಾಳೆ ಯಾರನ್ನು ಎಬ್ಬಿಸುತ್ತಾರೆ? ಬಿದಿರು ಬುಟ್ಟಿಯವರನ್ನು, ಚಪ್ಪಲಿಯವರನ್ನು, ಪಲ್ಯದವರನ್ನು. ಕಂಬದ ಕೇತಯ್ಯ ಪೂಜ್ಯ, ರಸ್ತೆಯ ಕೇತಯ್ಯ ಅಡ್ಡಿ. ಕಾಯಕದ ಮಾತನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುವವರು ಅದೇ ಗೋಡೆಯ ಬುಡದಲ್ಲಿ ಕಾಯಕಕ್ಕೆ ಕೂಡಗೊಡಲಾರರು.

ಹುಮನಾಬಾದದಲ್ಲಿ ಜನವರಿಯ ವೀರಭದ್ರೇಶ್ವರ ಜಾತ್ರೆಗೆ ಹೋದವರು ಒಂದು ವಿಚಿತ್ರ ಗಮನಿಸಿರಬಹುದು. ಬಳೆ, ಆಟಿಗೆ ಸಾಮಾನು, ಬೆಂಡು ಬತ್ತಾಸಿನ ಸಾಲು ರಸ್ತೆ ನುಂಗಿ ನಿಂತಿರುತ್ತದೆ, ವಾಹನ ಹೋಗುವುದಿಲ್ಲ, ಯಾರೂ ಅದಕ್ಕೆ ಅತಿಕ್ರಮಣ ಅನ್ನುವುದಿಲ್ಲ. ಜಾತ್ರೆ ಅನ್ನುತ್ತಾರೆ. ತೇರು ಇಳಿದು ಜಾತ್ರೆ ಮುಗಿದ ಮೇಲೆ ಅದೇ ವ್ಯಾಪಾರ, ಅದೇ ಮಂದಿ, ಅದೇ ರಸ್ತೆ, ಹೆಸರು ಮಾತ್ರ ಬೇರೆ. ದೇವರ ಹೆಸರಲ್ಲಿ ಬೀದಿ ಹಂಚಿಕೊಳ್ಳುವುದು ಈ ಸಮಾಜಕ್ಕೆ ಬರುತ್ತದೆ. ಹೊಟ್ಟೆಯ ಹೆಸರಲ್ಲಿ ಹಂಚಿಕೋ ಅಂದರೆ ಸಿಟ್ಟು ಬರುತ್ತದೆ.

ಈಗ ಕಾನೂನು ಏನು ಹೇಳುತ್ತದೆ ನೋಡಿರಿ. ಬೀದಿ ವ್ಯಾಪಾರ ಕೂಡ ಸಂವಿಧಾನದ 19ನೆಯ ಅನುಚ್ಛೇದದ ಕಸುಬಿನ ಹಕ್ಕಿನೊಳಗೆ ಬರುತ್ತದೆ, ಆದರೆ ಅದಕ್ಕೆ ಮಿತಿ ಹಾಕಬಹುದು ಎಂದು ಸುಪ್ರೀಂ ಕೋರ್ಟು ಸೋದನ್ ಸಿಂಗ್ ಮೊಕದ್ದಮೆಯಲ್ಲಿ 1989ರಲ್ಲೇ ಹೇಳಿತು. 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೆ ಮೂವತ್ತು ದಿನದ ನೋಟೀಸು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು. 2020ರ ಲಾಕ್‌ಡೌನಿನಲ್ಲಿ ಬಂಡಿಗಳು ಮಕಾಡೆ ಬಿದ್ದ ಮೇಲೆ ಹತ್ತು ಸಾವಿರ ರೂಪಾಯಿ ಸಾಲದ ಸ್ವನಿಧಿ ಯೋಜನೆ ಬಂದಾಗ ಎಷ್ಟೋ ಊರಲ್ಲಿ ಮಂದಿಗೆ ಗುರುತಿನ ಚೀಟಿಯ ನೆನಪಾಯಿತು. ಕಾಯ್ದೆಯ ಅನುಬಂಧದಲ್ಲಿ ಇನ್ನೊಂದು ಮಾತಿದೆ, ಇದನ್ನು ಶಿಕ್ಷಕ ಗೆಳೆಯರು ಗುರುತು ಹಾಕಿಟ್ಟುಕೊಳ್ಳಬೇಕು: ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೀದಿ ವ್ಯಾಪಾರ ನಡೆದು ಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿಯ ವ್ಯಾಪಾರಿಗಳನ್ನು ಬೇರೆಡೆ ಕಳಿಸುವಂತಿಲ್ಲ.

ಪಾರಂಪರಿಕ! ಬಸವಕಲ್ಯಾಣದಲ್ಲಿ ಈ ಶಬ್ದ ಕೇಳಿದರೆ ಕೋಟೆ ನೆನಪಾಗುತ್ತದೆ, ಗವಿ ನೆನಪಾಗುತ್ತದೆ, ನಾರಾಯಣಪುರದ ಗುಡಿ ನೆನಪಾಗುತ್ತದೆ. ಪಲ್ಯದ ಸಾಲು ಪರಂಪರೆ ಅನ್ನುವ ಯೋಚನೆ ಕಾಯ್ದೆ ಬರೆದವನಿಗೆ ಬಂತು, ವಚನ ಓದಿಕೊಂಡ ನಮಗೆ ಬರಲಿಲ್ಲ.

ಇಲ್ಲಿ ಒಂದು ತೊಡಕು ಬರುತ್ತದೆ, ನಮ್ಮ ಬರವಣಿಗೆಯ ಕೆಲಸವೂ ಇಲ್ಲಿಯೇ ಬೀಳುತ್ತದೆ. ಐವತ್ತು ವರ್ಷ ಅಂತ ಸಾಬೀತು ಮಾಡುವುದು ಹೇಗೆ? ಕೋಟೆಗೆ ಶಾಸನ ಇದೆ, ಸಾವಕಾರನ ಅಂಗಡಿಗೆ ಖರೀದಿ ಪತ್ರ ಇದೆ. ಬೀದಿಯಲ್ಲಿ ಕೂತವಳ ಹತ್ತಿರ ಏನಿದೆ? ದಿನದ ಜಕಾತಿ ಚೀಟಿ ಸಂಜೆಗೆ ಹರಿದು ಹೋಗುತ್ತದೆ. "ನಮ್ಮವ್ವನೂ ಇಲ್ಲೇ ಕುಂದರತಿದ್ಳು, ನಮ್ಮತ್ತಿನೂ ಇಲ್ಲೇ ಕುಂದರತಿದ್ಳು" ಅನ್ನುವ ಮಾತಿಗೆ ಕಚೇರಿಯಲ್ಲಿ ಮೊಹರಿಲ್ಲ. ಮಹಾಡದ ಕೆರೆ ಸಾರ್ವಜನಿಕ ಅಂತ ಸಾಬೀತು ಮಾಡಲು ದಾಖಲೆ ಹುಡುಕಬೇಕಾಯಿತಲ್ಲ, ಅಂಥದೇ ಕೆಲಸ ಇದು. ಯಾರಾದರೂ 1970ರಲ್ಲಿ ಹುಮನಾಬಾದದ ಪೇಟೆಯ ಮೇಲೆ ಒಂದು ಕತೆ ಬರೆದಿದ್ದರೆ, ಅದರಲ್ಲಿ ಯಾವ ಬೇವಿನ ಗಿಡದ ಕೆಳಗೆ ಯಾರು ಏನು ಮಾರುತ್ತಿದ್ದರು ಅಂತ ನಾಕು ಸಾಲು ಇದ್ದಿದ್ದರೆ, ಅದು ಇವತ್ತು ವ್ಯಾಪಾರ ಸಮಿತಿಯ ಮೇಜಿನ ಮೇಲೆ ಇಡುವ ಕಾಗದವಾಗುತ್ತಿತ್ತು.

ಕಾಲೇಜಿನ ಹುಡುಗ ಹುಡುಗಿಯರು, ಹಳ್ಳಿ ಶಾಲೆಯ ಶಿಕ್ಷಕರು ಇದನ್ನು ಈ ವಾರವೇ ಶುರು ಮಾಡಬಹುದು. ಒಂದು ಚೌಕ್, ಒಂದು ನೋಟುಬುಕ್ಕು. ಯಾರು, ಎಲ್ಲಿ, ಎಂದಿನಿಂದ, ಅವರಿಗಿಂತ ಮೊದಲು ಯಾರು, ದಿನಕ್ಕೆ ಎಷ್ಟು ಚೀಟಿ, ಸಾವಕಾರನಿಗೆ ಎಷ್ಟು, ಮಳೆ ಬಂದರೆ ಎಲ್ಲಿಗೆ ಓಡುತ್ತಾರೆ, ನೀರು ಎಲ್ಲಿಂದ ತರುತ್ತಾರೆ. ಅವರು ಆಡಿದ ಮಾತನ್ನು ಅವರು ಆಡಿದ ಹಾಗೆಯೇ ಬರೆದುಕೊಳ್ಳಿರಿ, ಉರ್ದು ಬಂದರೆ ಉರ್ದು, ಮರಾಠಿ ಬಂದರೆ ಮರಾಠಿ, ತಿದ್ದಲಿಕ್ಕೆ ಹೋಗಬೇಡಿರಿ. ತಾರೀಖು ಹಾಕಿರಿ. ಹೇಳಿದವರು ಒಪ್ಪಿದರೆ ಅವರ ಹೆಬ್ಬೆಟ್ಟಿನ ಗುರುತೂ ತೆಗೆದುಕೊಳ್ಳಿರಿ.